ಕಬ್ಬಿನ ಗಿರಾಕಿಗಳೂ ಸರಕಾರದ ಕಟ್ಟಳೆಗಳೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಎರೆಭೂಮಿಯು ಹಿಂದಿನಿಂದ ಅರಳೆಗೂ ಜೋಳಕ್ಕೂ ಹೆಸರಾದುದು. ನದಿ, ಕಾಲುವೆ, ಬಾವಿಗಳ ನೀರು ದೊರೆತಲ್ಲಿ ಕಬ್ಬು ಕಾಲೂರಿತು. ಅರಳೆಯನ್ನು ಒಕ್ಕಲಿಗನು ಮನೆಯಲ್ಲಿಟ್ಟು ಧಾರಣೆ ನೋಡಿ ಮಾರಬಲ್ಲನು. ಕಡಿದ ಕಬ್ಬಾದರೋ ದಿನದಿನಕ್ಕೆ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುವುದು. ಆದುದರಿಂದ ಕೊಳ್ಳುವ ಗಿರಾಕಿಗಳು ಎಷ್ಟು ಮಂದಿ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆಯು. ಇದನ್ನು ಬಹುಮಟ್ಟಿಗೆ ಸರಕಾರದ ಧೋರಣವೇ ನಿರ್ಣಯಿಸುತ್ತದೆ.

1998ರ ವರೆಗೆ ಕೇಂದ್ರ ಸರಕಾರದ ಪರವಾನಿಗೆಯಿಲ್ಲದೆ ಹೊಸ ಸಕ್ಕರೆ ಕಾರಖಾನೆಯನ್ನು ಕಟ್ಟುವಂತಿರಲಿಲ್ಲ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರಖಾನೆಯು ಆ ಕಾಲದ್ದು. 1998ರ ಆಗಸ್ಟಿನಲ್ಲಿ ಪರವಾನಿಗೆಯು ತೆಗೆದುಹಾಕಲ್ಪಟ್ಟಿತು. ಅದೇ ಸುಮಾರಿಗೆ ಸವದತ್ತಿ ತಾಲೂಕಿನ ಮುನವಳ್ಳಿಯಲ್ಲಿ ರೇಣುಕಾ ಶುಗರ್ಸ್ ಕಾರಖಾನೆಯು ಹುಟ್ಟಿದ ಬಗೆಯು ಲಕ್ಷಿಸತಕ್ಕದ್ದು. ಉದ್ಯಮಿಗಳು ಹೊಸ ಯಂತ್ರಗಳಿಗೆ ಹಣ ಸುರಿಯದೆ, ಆಂಧ್ರದ ಹಿಂದೂಪುರದಲ್ಲಿದ್ದ ನಿಜಾಂ ಶುಗರ್ಸ್ ಘಟಕವನ್ನು ಕೊಂಡು ಇಲ್ಲಿಗೆ ಸಾಗಿಸಿ ನಿಲ್ಲಿಸಿದರು. ಕಬ್ಬು ಬೆಳೆಗಾರರನ್ನೂ ಶೇರುದಾರರನ್ನಾಗಿ ಮಾಡಿಕೊಂಡರು. ಇಂಥ ಉಪಾಯವು ಕಚೇರಿಯ ಕಡತದಲ್ಲಿ ಹುಟ್ಟುವಂಥದಲ್ಲ.

ಪರವಾನಿಗೆ ಹೋದರೂ ಎರಡು ಕಾರಖಾನೆಗಳ ನಡುವೆ 15 ಕಿಲೋಮೀಟರ್ ಅಂತರವಿರಬೇಕೆಂಬ ಕಟ್ಟಳೆಯು ಉಳಿಯಿತು. 2006ರಲ್ಲಿ ಅದನ್ನು ಕಬ್ಬು ನಿಯಂತ್ರಣ ಆಜ್ಞೆಯಲ್ಲಿಯೇ ಸೇರಿಸಲಾಯಿತು. ಇದಕ್ಕೆ ಕಾರಣವಿಲ್ಲದಿಲ್ಲ. ಕೋಟಿಗಟ್ಟಲೆ ಬಂಡವಲಿನ ಯಂತ್ರವು ವರುಷದಲ್ಲಿ ಕೆಲವೇ ತಿಂಗಳು ನಡೆಯುವುದು. ಇದ್ದ ಕಬ್ಬನ್ನು ಇಬ್ಬರು ಹಂಚಿಕೊಂಡರೆ ಇಬ್ಬರೂ ನಷ್ಟಕ್ಕೀಡಾಗಬಹುದು. ಆದರೆ ಆ ಸುತ್ತಿನೊಳಗೆ ಮೊದಲಿನ ಕಾರಖಾನೆಗೆ ಧಾರಣೆಯಲ್ಲಾಗಲಿ ತೂಕದಲ್ಲಾಗಲಿ ಎದುರಾಳಿಯ ಭಯವಿಲ್ಲದಂತಾಗುವುದೂ ನಿಜ. 2012ರಲ್ಲಿ ರಂಗರಾಜನ್ ಸಮಿತಿಯು ಈ ಅಂತರವನ್ನು ತೆಗೆಯಬೇಕೆಂದೇ ಸಲಹೆ ಕೊಟ್ಟಿತು. ಊರ ಬೆಲ್ಲದ ಗಾಣಕ್ಕೆ ಈ ಕಟ್ಟಳೆಯಿಲ್ಲ. ಗಾಣವು ಸಣ್ಣದಾದರೂ ಕಾರಖಾನೆಗೆ ಅದೂ ಒಂದು ಎದುರಾಳಿಯೇ. ಅದನ್ನು ಕೆಡಹುವ ಮೊದಲು ಜಮೀನುದಾರರು ಎರಡು ಸಲ ಆಲೋಚಿಸುವದು ಒಳ್ಳೆಯದು.

ಧೋರಣವು ಪದೇ ಪದೇ ಬದಲಾಗುವದರಿಂದಲೂ ಹಾನಿಯುಂಟು. 2018ರ ಜೈವಿಕ ಇಂಧನ ಧೋರಣವು ಕಬ್ಬಿನ ರಸದಿಂದ ಇಥೆನಾಲ್ ತೆಗೆಯಲು ಉತ್ತೇಜನ ಕೊಟ್ಟಿತು. ಕಾರಖಾನೆಗಳು ಸಾಲ ತಂದು ಭಟ್ಟಿಗಳನ್ನು ಹೂಡಿದವು. ಸಕ್ಕರೆ ಕಡಿಮೆಯಾದೀತೆಂದು 2023ರ ಡಿಸೆಂಬರಿನಲ್ಲಿ, ಹಂಗಾಮು ನಡೆದಿರುವಾಗಲೇ, ಅದಕ್ಕೆ ತಡೆ ಬಂದಿತು. ಕೆಲ ದಿನಗಳಲ್ಲಿ ತುಸು ಸಡಿಲಾಗಿ, 2024ರ ಆಗಸ್ಟಿನಲ್ಲಿ ಮುಂದಿನ ಹಂಗಾಮಿಗೆಂದು ತೆಗೆಯಲ್ಪಟ್ಟಿತು. ಕಾರಖಾನೆಯ ಹಣ ಸಿಕ್ಕಿಕೊಂಡರೆ ಮೊದಲು ತಡವಾಗುವದು ರೈತನ ಬಿಲ್ಲೇ.

1966ರ ಕಬ್ಬು ನಿಯಂತ್ರಣ ಆಜ್ಞೆಯ ಮೇರೆಗೆ, ಬೇರೆ ಲಿಖಿತ ಒಪ್ಪಂದವಿಲ್ಲದಿದ್ದಲ್ಲಿ, ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ವರುಷಕ್ಕೆ ನೂರಕ್ಕೆ 15ರಂತೆ ಬಡ್ಡಿಯುಂಟು. ಆದುದರಿಂದ ಗೌಡರು ತಮ್ಮ ಊರ ರೈತರಿಗೆ, ಒಪ್ಪಂದ ಪತ್ರವನ್ನು ಓದಿಸಿಕೊಂಡ ಬಳಿಕವೇ ಸಹಿ ಮಾಡಬೇಕೆಂದೂ, ತಾರೀಖು ಬರೆದ ತೂಕದ ಚೀಟಿಗಳನ್ನು ಹಣ ಕೈಸೇರುವ ತನಕ ಜೋಪಾನವಾಗಿಡಬೇಕೆಂದೂ ತಿಳಿಸತಕ್ಕದ್ದು.