ಬಫೆ ಊಟದ ಮೇಜು ಮತ್ತು ನಮ್ಮ ಹಬ್ಬದ ಕೊಪ್ಪರಿಗೆ



ನಮ್ಮ ಗಡಿನಾಡಿನ ಮನೆಗಳಿಂದ ಮುಂಬಯಿ, ಗೋವಾ ಹಾಗೂ ಗಲ್ಫ್ ದೇಶಗಳ ದೊಡ್ಡ ಹೋಟೆಲುಗಳಿಗೆ ದುಡಿಯಲು ಹೋದವರು ಅನೇಕರಿದ್ದಾರೆ. ಅವರು ರಜೆಯಲ್ಲಿ ಊರಿಗೆ ಬಂದಾಗ ಅಲ್ಲಿನ ಮಧ್ಯಾಹ್ನದ ಬಫೆ ಊಟದ ವರ್ಣನೆಯನ್ನು ನಾವೆಲ್ಲ ಕೇಳಿರುತ್ತೇವೆ. ಈಗ ಅದೇ ಪದ್ಧತಿ ನಮ್ಮ ಮದುವೆ, ರೋಸ್, ವಾರ್ಷಿಕ ಹಬ್ಬಗಳ ಚಪ್ಪರಕ್ಕೂ ಬಂದಿದೆ. ಉದ್ದದ ಮೇಜು ಬಂತು, ಹೊಳೆಯುವ ಪಾತ್ರೆಗಳು ಬಂದವು. ಆದರೆ ಆ ಪಾತ್ರೆಗಳ ಹಿಂದಿರುವ ಶಿಸ್ತು ಬಂದಿದೆಯೇ? ಈ ಸಲ ಇದನ್ನು ವಿಚಾರ ಮಾಡೋಣ.

ಸಿಂಗಾಪುರದ ಟಿಫಿನ್

ಟಿಫಿನ್ ಎಂದರೆ ನಮಗೆ ಬೆಳಗಿನ ಇಡ್ಲಿ, ದೋಸೆ. ಬ್ರಿಟಿಷರ ಕಾಲದಲ್ಲಿ ಈ ಮಾತಿಗೆ ಮಧ್ಯಾಹ್ನದ ಊಟವೆಂಬ ಅರ್ಥವಿತ್ತು. ಅವರು ಅನ್ನ ಮತ್ತು ಖಾರದ ಪದಾರ್ಥದ ಈ ರೂಢಿಯನ್ನು ಭಾರತದಿಂದ ಪೂರ್ವದ ದೇಶಗಳಿಗೂ ಕೊಂಡೊಯ್ದರು. ಸಿಂಗಾಪುರದಲ್ಲಿ ಸಾರ್ಕೀಸ್ ಎಂಬ ಅರ್ಮೇನಿಯನ್ ಸಹೋದರರು 1887ರಲ್ಲಿ ತೆರೆದ ರಾಫಲ್ಸ್ ಹೋಟೆಲಿನಲ್ಲಿ ಟಿಫಿನ್ ರೂಮ್ ಎಂಬ ಊಟದ ಮನೆಯಿದೆ. ಮಧ್ಯಾಹ್ನದ ಕರಿ ಬಫೆಗೆ ಅದು ಬಹುಕಾಲ ಹೆಸರಾಗಿತ್ತು. ಕೋಳಿ, ಕುರಿ, ಮೀನು, ಬೇಳೆ, ತರಕಾರಿ, ಚಟ್ನಿ, ಉಪ್ಪಿನಕಾಯಿ ಎಲ್ಲವನ್ನೂ ಸಾಲಾಗಿ ಇಟ್ಟು, ಅತಿಥಿಗಳು ತಾವೇ ಬಡಿಸಿಕೊಳ್ಳುವ ಊಟ ಅದು.

ಸಿಂಗಾಪುರ ಭೂಮಧ್ಯರೇಖೆಗೆ ಹತ್ತಿರ. ಅಲ್ಲಿಯೂ ನಮ್ಮ ಕಾಸರಗೋಡಿನಂತೆ ಸೆಕೆ ಮತ್ತು ತೇವ. ಅಡುಗೆ ಹೊರಗಿಟ್ಟರೆ ಇಲ್ಲಿ ಹೇಗೋ ಅಲ್ಲಿಯೂ ಹಾಗೆಯೇ ಕೆಡುತ್ತದೆ. ಇಂತಹ ಹವೆಯಲ್ಲಿ ಹತ್ತಾರು ಪದಾರ್ಥಗಳನ್ನು ಎರಡು ಮೂರು ಗಂಟೆ ಕಾಲ ಮೇಜಿನ ಮೇಲೆ ಇಡುವುದು ಹೇಗೆ? ಇಲ್ಲಿಯೇ ನಮಗೆ ಪಾಠವಿದೆ.

ಪಾತ್ರೆಯ ಕೆಳಗೆ ಏನಿದೆ?

ಬಫೆ ಮೇಜಿನ ಪಾತ್ರೆ ಒಂದರೊಳಗೊಂದು ಕೂರುವ ಎರಡು ತಟ್ಟೆಗಳದ್ದು. ಕೆಳಗಿನದರಲ್ಲಿ ಬಿಸಿನೀರು, ಮೇಲಿನದರಲ್ಲಿ ಪದಾರ್ಥ, ನೀರಿನ ಕೆಳಗೆ ಸಣ್ಣ ಉರಿ ಅಥವಾ ವಿದ್ಯುತ್ ಕಾವು, ಮೇಲೆ ಮುಚ್ಚಳ. ಇದರ ಕೆಲಸ ಬಿಸಿಯನ್ನು ಕಾಯುವುದು. ತಣ್ಣಗಿರುವುದನ್ನು ಬಿಸಿ ಮಾಡುವುದಲ್ಲ. ಆದುದರಿಂದ ಒಳ್ಳೆಯ ಅಡುಗೆಯವರು ಕುದಿಯುವ ಪದಾರ್ಥವನ್ನೇ ಅದಕ್ಕೆ ಸುರಿಯುತ್ತಾರೆ. ದೊಡ್ಡ ಪಾತ್ರೆ ತುಂಬಿಸದೆ ಸ್ವಲ್ಪ ಸ್ವಲ್ಪವಾಗಿ ತರುತ್ತಾರೆ. ಹಳೆಯದರ ಮೇಲೆ ಹೊಸದನ್ನು ಸುರಿಯದೆ ಪಾತ್ರೆಯನ್ನೇ ಬದಲಿಸುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ ಸರಳವಾಗಿದೆ: ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಿರಬೇಕು, ತಣ್ಣಗಿನದು 5 ಡಿಗ್ರಿಗಿಂತ ಕೆಳಗಿರಬೇಕು, ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೆಯೇ ಹೊರಗಿಡಬಾರದು. ಸಿಂಗಾಪುರದಲ್ಲಿ ಹೊರಗಿನ ಸಮಾರಂಭಗಳಿಗೆ ಊಟ ಒದಗಿಸುವವರು, ಅಡುಗೆಯಾದ ಹೊತ್ತನ್ನೂ ಎಷ್ಟು ಹೊತ್ತಿನೊಳಗೆ ಉಣ್ಣಬೇಕೆಂಬುದನ್ನೂ ಬರೆದು ತಿಳಿಸಬೇಕೆಂಬ ನಿಯಮವಿದೆ. ಬೆಂಕಿ ಮತ್ತು ಗಡಿಯಾರ, ಈ ಎರಡೇ ಬಫೆ ಊಟದ ಕಾವಲುಗಾರರು.

ಕುದಿಸಿದ ಮೇಲೂ ರೋಗಾಣು ಉಳಿಯುವುದೇ?

ಚೆನ್ನಾಗಿ ಕುದಿಸಿದ್ದೇವಲ್ಲ, ಇನ್ನೇನು ಭಯ ಎಂದು ಹಲವರು ಕೇಳುತ್ತಾರೆ. ಹೆಚ್ಚಿನ ರೋಗಾಣುಗಳು ಕುದಿಯುವಾಗ ಸಾಯುತ್ತವೆ, ನಿಜ. ಆದರೆ ಕೆಲವು ರೋಗಾಣುಗಳು ಗಟ್ಟಿ ಕವಚದ ಬೀಜದಂತಹ ರೂಪದಲ್ಲಿ ಅಡಗಿ ಕುದಿಯನ್ನೂ ತಾಳಿಕೊಳ್ಳುತ್ತವೆ. ಬೇಸಿಗೆಯಲ್ಲಿ ಒಣಗಿದ ಗದ್ದೆಯಲ್ಲಿ ಕಳೆಯ ಬೀಜ ಸುಮ್ಮನಿದ್ದು, ಮಳೆ ಬಿದ್ದೊಡನೆ ಮೊಳೆಯುವುದನ್ನು ನಾವು ಬಲ್ಲೆವು. ಇದೂ ಹಾಗೆಯೇ. ಅಡುಗೆ ಉಗುರುಬೆಚ್ಚಗಾದಾಗ ಇವು ಮೊಳೆಯುತ್ತವೆ.

ಇವುಗಳಲ್ಲಿ ಎರಡನ್ನು ತಿಳಿದಿರಬೇಕು. ಮೊದಲನೆಯದು ಬ್ಯಾಸಿಲಸ್ ಸೀರಿಯಸ್. ಮಣ್ಣಿನಲ್ಲಿರುವ ಇದು ಅಕ್ಕಿಯೊಡನೆ ಅಡುಗೆಮನೆಗೆ ಬರುತ್ತದೆ. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಹುರಿದ ಅನ್ನ ತಿಂದವರಿಗೆ ವಾಂತಿಯಾದ ಪ್ರಕರಣಗಳಿಂದ ಇದರ ಗುಟ್ಟು ಹೊರಬಿತ್ತು. ಅನ್ನವನ್ನು ರಾಶಿಗಟ್ಟಲೆ ಬೇಯಿಸಿ, ಅಗುಳು ಅಂಟದಿರಲೆಂದು ರಾತ್ರಿಯಿಡೀ ಹೊರಗಿಟ್ಟು, ಮರುದಿನ ಬೇಗನೆ ಹುರಿದು ಬಡಿಸುತ್ತಿದ್ದರು. ಆ ರಾತ್ರಿಯಲ್ಲಿ ರೋಗಾಣು ಅನ್ನದೊಳಗೆ ವಿಷವನ್ನು ಬಿಡುತ್ತದೆ. ಆ ವಿಷ ಮತ್ತೆ ಹುರಿದರೂ ಕುದಿಸಿದರೂ ಹೋಗುವುದಿಲ್ಲ. ಉಂಡು ಆರು ಗಂಟೆಯೊಳಗೆ ವಾಂತಿ ಹಿಡಿಯುತ್ತದೆ. ವಾಸನೆಯಿಂದಾಗಲಿ ರುಚಿಯಿಂದಾಗಲಿ ಇದನ್ನು ಮೊದಲೇ ತಿಳಿಯಲು ಸಾಧ್ಯವಿಲ್ಲ.

ಎರಡನೆಯದು ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್. ಇದು ಮಾಂಸದ ದೊಡ್ಡ ಕೊಪ್ಪರಿಗೆಯ ಶತ್ರು. ಗಾಳಿಯಾಡದ ದಪ್ಪ ಗಸಿಯ ನಡುಭಾಗ ನಿಧಾನವಾಗಿ ತಣಿಯುವಾಗ ಇದಕ್ಕೆ ಸುಗ್ಗಿ. ಅನುಕೂಲವಾದ ಕಾವಿನಲ್ಲಿ ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಹನ್ನೆರಡು ನಿಮಿಷವೆಂದೇ ಲೆಕ್ಕ ಹಾಕಿದರೂ ಎರಡು ಗಂಟೆಯಲ್ಲಿ ಒಂದು ಇದ್ದದ್ದು ಸಾವಿರ ಮೀರುತ್ತದೆ. ಉಂಡ 6ರಿಂದ 24 ಗಂಟೆಯೊಳಗೆ ಹೊಟ್ಟೆನುಲಿತ, ಭೇದಿ.

ನಮ್ಮ ತೋಟದ ಅರಸಿನ, ಕರಿಮೆಣಸು, ಶುಂಠಿ ಅಡುಗೆಯನ್ನು ಕಾಯುತ್ತವೆಂದು ನಂಬಿದವರಿದ್ದಾರೆ. ಸಂಬಾರ ಪದಾರ್ಥಗಳಿಗೆ ಒಳ್ಳೆಯ ಗುಣಗಳಿವೆ. ಆದರೆ ಪದಾರ್ಥಕ್ಕೆ ನಾವು ಹಾಕುವಷ್ಟು ಅರಸಿನದಿಂದ ಈ ಬೀಜರೂಪದ ರೋಗಾಣುಗಳು ಸಾಯುವುದಿಲ್ಲ. ಮಣ್ಣು ತಗಲಿದ ಸಂಬಾರದಲ್ಲಿಯೇ ಅವು ಬರುವುದೂ ಉಂಟು. ಆದುದರಿಂದ ಮೆಣಸು, ಅರಸಿನಗಳನ್ನು ನೆಲದ ಮೇಲಲ್ಲ, ಶುಚಿಯಾದ ಚಾಪೆ ಅಥವಾ ಟಾರ್ಪಾಲಿನ ಮೇಲೆ ಒಣಗಿಸಿರಿ.

ನಮ್ಮ ಚಪ್ಪರದಲ್ಲಿ ಮಾಡಬೇಕಾದುದು

ಹಬ್ಬದ ಅಡುಗೆ ಹಿಂದಿನ ರಾತ್ರಿಯೇ ಆರಂಭವಾಗುತ್ತದೆ. ನೂರಾರು ಜನರಲ್ಲಿ ಹಸುಗೂಸಿನಿಂದ ಅಜ್ಜ ಅಜ್ಜಿಯವರೆಗೆ ಎಲ್ಲರೂ ಒಂದೇ ಕೊಪ್ಪರಿಗೆಯಿಂದ ಉಣ್ಣುತ್ತಾರೆ. ಒಂದು ತಪ್ಪಿನಿಂದ ಊರಿಗೆ ಊರೇ ಮಲಗಬಹುದು. ಹೀಗಿರುವಾಗ:

1. ಮಾಂಸವನ್ನು ರಾತ್ರಿ ಬೇಯಿಸಿ ಬೆಳಗಿನವರೆಗೆ ಮುಚ್ಚಿಡುವ ಪದ್ಧತಿ ಬಿಡಿರಿ. ರಾತ್ರಿ ಮಸಾಲೆ ಅರೆದು, ತೆಂಗಿನಕಾಯಿ ಒಡೆಯದೆ ಇಟ್ಟು, ಬೆಳಿಗ್ಗೆ ಬೇಯಿಸಿರಿ. ಅರೆದ ಮಸಾಲೆಯೂ ಹಸಿ ಮಾಂಸವೂ ಬೇರೆ ಬೇರೆಯಾಗಿ ಫ್ರಿಜ್ಜಿನಲ್ಲಿ ಅಥವಾ ಮಂಜುಗಡ್ಡೆಯಲ್ಲಿರಲಿ.

2. ರಾತ್ರಿಯೇ ಬೇಯಿಸಬೇಕಾಗಿ ಬಂದರೆ, ಅಗಲವಾದ ತಟ್ಟೆಗಳಿಗೆ ತೆಳುವಾಗಿ ಸುರಿದು ಬೇಗನೆ ತಣಿಸಿ ಫ್ರಿಜ್ಜಿನಲ್ಲಿಡಿರಿ. ಬೆಳಿಗ್ಗೆ ನಡುಭಾಗವೂ ಕುದಿಯುವಂತೆ ಮಗುಚಿ ಬಿಸಿ ಮಾಡಿರಿ.

3. ಅನ್ನವನ್ನು ಎರಡು ಮೂರು ಸರದಿಯಲ್ಲಿ ಬೇಯಿಸಿರಿ. ಮೊದಲ ಪಂಕ್ತಿಯ ಅನ್ನವೂ ಕೊನೆಯ ಪಂಕ್ತಿಯ ಅನ್ನವೂ ಒಂದೇ ಆಗಿರಬೇಕಿಲ್ಲ.

4. ಪ್ರತಿ ಪಾತ್ರೆಯ ಮೇಲೆ ಒಲೆಯಿಂದ ಇಳಿಸಿದ ಹೊತ್ತನ್ನು ಸೀಮೆಸುಣ್ಣದಲ್ಲಿ ಬರೆಯಿರಿ. ಇದಕ್ಕೆ ಒಬ್ಬ ಯುವಕನನ್ನೋ ಯುವತಿಯನ್ನೋ ನೇಮಿಸಿರಿ.

5. ಮೇಜಿನ ಪಾತ್ರೆಯ ಕೆಳಗಿನ ಉರಿ ಆರದಂತೆ ನೋಡಿಕೊಳ್ಳಿರಿ. ಮುಚ್ಚಳ ತೆಗೆದಾಗ ಹಬೆ ಏಳದಿದ್ದರೆ ಆ ಪಾತ್ರೆ ಒಲೆಗೆ ಹಿಂತಿರುಗಲಿ.

6. ಕೈಗೆ ಗಾಯ, ಹುಣ್ಣು ಅಥವಾ ಹೊಟ್ಟೆಕೆಟ್ಟವರು ಅಡುಗೆಗೂ ಬಡಿಸುವುದಕ್ಕೂ ಬಾರದಿರಲಿ.

ಉಣ್ಣುವವರಿಗೂ ಒಂದು ಮಾತು. ಮೊದಲು ಮೇಜನ್ನು ಒಮ್ಮೆ ನೋಡಿ ಬನ್ನಿರಿ. ಬೇಕಾದುದನ್ನು ಸ್ವಲ್ಪವೇ ಹಾಕಿಕೊಳ್ಳಿರಿ. ಎರಡನೆಯ ಸಲ ಹೋಗಲು ಯಾರೂ ತಡೆಯುವುದಿಲ್ಲ. ಸಕ್ಕರೆ ಕಾಯಿಲೆಯವರು ತರಕಾರಿ, ಬೇಳೆ, ಮೀನನ್ನು ಮೊದಲು ತಿಂದು ಅನ್ನವನ್ನು ಮಿತಗೊಳಿಸುವುದು ಲೇಸು.

ಉಳಿದ ಊಟ ಹಟ್ಟಿಗೆ ಹೋದರೆ

ಉಳಿದುದನ್ನೆಲ್ಲ ದನಕ್ಕೋ ಹಂದಿಗೋ ಹಾಕುವ ರೂಢಿ ನಮ್ಮಲ್ಲಿದೆ. ಬುಟ್ಟಿಗಟ್ಟಲೆ ಅನ್ನ ತಿಂದ ದನದ ಹೊಟ್ಟೆಯಲ್ಲಿ ಹುಳಿ ಹೆಚ್ಚಿ, ಮೆಲುಕು ನಿಂತು, ಪ್ರಾಣಕ್ಕೇ ಅಪಾಯವಾಗುತ್ತದೆ. ಹಾಲು ಕೊಡುವ ಹಸುವಿಗೆ ಹಬ್ಬದ ಅನ್ನ ಬೇಡ. ಇನ್ನು ಹಂದಿಗಳಿಗೆ ಬರುವ ಆಫ್ರಿಕನ್ ಹಂದಿಜ್ವರ 2022ರ ಜುಲೈಯಲ್ಲಿ ವಯನಾಡಿನ ಮಾನಂದವಾಡಿಯಲ್ಲಿ ದೃಢಪಟ್ಟಿತು. ರೋಗ ಹರಡದಂತೆ ಹಲವು ಹಂದಿಗಳನ್ನು ಕೊಲ್ಲಬೇಕಾಯಿತು. ಇದು ಮನುಷ್ಯರಿಗೆ ತಗಲುವುದಿಲ್ಲ. ಆದರೆ ಹಂದಿಮಾಂಸದ ಚೂರುಗಳಿರುವ ಹೋಟೆಲಿನ ಎಂಜಲಿನಿಂದ ಹಂದಿಗಳಿಗೆ ಹರಡುತ್ತದೆ. ಅಂತಹ ಎಂಜಲನ್ನು ಹಂದಿಗೆ ಹಾಕಲೇಬಾರದು, ಗುಂಡಿಯಲ್ಲಿ ಹೂಳಿರಿ. ತರಕಾರಿ ಸಿಪ್ಪೆ, ಬಾಳೆಲೆ ಗೊಬ್ಬರದ ಗುಂಡಿಗೆ ಹೋಗಲಿ.

ಕಾಯಿಲೆ ಬಂದರೆ

ವಾಂತಿ ಭೇದಿಯಾದವರಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿರಿ. ಅಂಗಡಿಯ ಓಆರ್‌ಎಸ್ ಪೊಟ್ಟಣ ಸಿಕ್ಕಿದರೆ ಇನ್ನೂ ಒಳ್ಳೆಯದು. ಮಗು, ಗರ್ಭಿಣಿ, ವೃದ್ಧರು ಸೋತರೆ, ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಒಂದೇ ಊಟ ಉಂಡ ಹಲವರಿಗೆ ಹೀಗಾದರೆ ನಾಚಿಕೆಯಿಂದ ಮುಚ್ಚಿಡದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

ದೊಡ್ಡ ಹೋಟೆಲಿನ ಬೆಳ್ಳಿ ಪಾತ್ರೆ, ಗಾಜಿನ ದೀಪ ನಮಗೆ ಬೇಕಿಲ್ಲ. ಪಾತ್ರೆಯ ಕೆಳಗೆ ಆರದ ಉರಿ, ಪಾತ್ರೆಯ ಮೇಲೆ ಬರೆದ ಹೊತ್ತು, ತೊಳೆದ ಕೈ, ಇವಕ್ಕೆ ಹೆಚ್ಚಿನ ಹಣ ಬೇಡ. ಮುಂದಿನ ಹಬ್ಬದ ಊಟದ ಸಮಿತಿ ಸೇರುವಾಗ ಈ ಮೂರು ವಿಷಯಗಳನ್ನು ಮೊದಲು ತೀರ್ಮಾನಿಸಿ, ಆಮೇಲೆ ಎಷ್ಟು ಬಗೆ ಪದಾರ್ಥ ಎಂಬುದನ್ನು ಮಾತಾಡಿರಿ.