ಪಾಠ 14: ಸಿಖ್ಖರನ್ನು ಅರಿಯೋಣ

ಮೊನ್ನೆ ನಮ್ಮ ಊರ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಲಾರಿ ನಿಂತಿತು. ಪೇಟ ಕಟ್ಟಿದ ಒಬ್ಬ ಸರದಾರ್ಜಿ ಇಳಿದರು. ಹೋಟೆಲಿನಲ್ಲಿ ಚಹಾ ಕೇಳಿದರು. ಬೆಂಚಿನ ಮೇಲೆ ಕೂತಿದ್ದ ಹುಡುಗರು, "ಹನ್ನೆರಡು ಗಂಟೆ ಆತೇನ್ರೀ ಸರದಾರ್ಜಿ?" ಎಂದು ಕೇಳಿ ನಕ್ಕರು. ಅವರು ಮಾತಾಡಲಿಲ್ಲ. ಚಹಾ ಕುಡಿದರು. ದುಡ್ಡು ಕೊಟ್ಟು ಲಾರಿ ಹತ್ತಿ ಹೋದರು.

ನಾನೂ ಅಲ್ಲೇ ಇದ್ದೆ. ನಾನೂ ಸುಮ್ಮನಿದ್ದೆ. ಅದು ನನ್ನ ತಪ್ಪು.

ಆ ರಾತ್ರಿ ಕಲಿಕಾ ಕೇಂದ್ರದಲ್ಲಿ ಈ ಮಾತು ತೆಗೆದೆ. "ಸಿಖ್ಖರ ಬಗ್ಗೆ ನಿಮಗೇನು ಗೊತ್ತು? ಮನಸ್ಸಿನಲ್ಲಿ ಇದ್ದದ್ದು ಹೇಳ್ರಿ" ಎಂದೆ. ಒಬ್ಬೊಬ್ಬರು ಒಂದೊಂದು ಹೇಳಿದರು. ಅದರಲ್ಲಿ ಸರಿ ಕಡಿಮೆ, ತಪ್ಪು ಹೆಚ್ಚು. ಆ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ. ನಿಧಾನವಾಗಿ ಓದಿರಿ.

1. "ಸಿಖ್ಖರು ಅಂದ್ರ ಲಡಾಯಿ ಮಾಡೋ ಜಾತಿ."

ಇದು ತಪ್ಪು. ಸಿಖ್ ಎಂಬುದು ಜಾತಿ ಅಲ್ಲ, ಧರ್ಮ. ಸಿಖ್ ಎಂದರೆ ಶಿಷ್ಯ, ಕಲಿಯುವವನು.

"ಅಂದ್ರ ನಮ್ಮಂಗ ಕಲಿಯೋರು!" ಎಂದರು ಮುಂದೆ ಕೂತಿದ್ದ ಅಜ್ಜಿ.

ಹೌದು ಅಜ್ಜಿ, ನಮ್ಮ ಹಾಗೆಯೇ. ಇವರ ಮೊದಲ ಗುರು ನಾನಕರು. ಹುಟ್ಟಿದ್ದು 1469ರಲ್ಲಿ. ಆ ಊರು ಈಗ ಪಾಕಿಸ್ತಾನದಲ್ಲಿದೆ. ಅವರು ಹೇಳಿದ ಮುಖ್ಯ ಮಾತು ಮೂರು. ದೇವರನ್ನು ನೆನೆಯಿರಿ. ದುಡಿದು ತಿನ್ನಿರಿ. ಹಂಚಿ ತಿನ್ನಿರಿ. ಕಡೆಗಾಲದಲ್ಲಿ ಅವರು ಕರ್ತಾರಪುರದಲ್ಲಿ ನೆಲೆಸಿ, ತಾವೇ ಹೊಲದಲ್ಲಿ ದುಡಿದರು. ಕಾಯಕ, ದಾಸೋಹ ಎಂಬ ಮಾತು ಕೇಳಿ ಬೆಳೆದ ನಮಗೆ ಇದು ಬೇಗ ತಿಳಿಯುತ್ತದೆ.

ಎರಡನೆಯ ಗುರು ಅಂಗದರು. ಅವರು ಗುರುಮುಖಿ ಲಿಪಿಗೆ ಒಪ್ಪವಾದ ರೂಪ ಕೊಟ್ಟರು. ಪಂಜಾಬಿನ ಜನ ತಮ್ಮ ಆಡುಮಾತನ್ನು ತಾವೇ ಓದಿ ಬರೆಯಲು ಅದರಿಂದ ದಾರಿಯಾಯಿತು. ಅಕ್ಷರದ ಬೆಲೆ ಅವರಿಗೆ ಗೊತ್ತಿತ್ತು.

2. "ಹಿಂದೂ, ಮುಸ್ಲಿಂ ಎರಡೂ ಕೂಡಿಸಿ ಮಾಡಿದ ಧರ್ಮ ಅದು."

ಇದೂ ತಪ್ಪು. ದೇವರು ಒಬ್ಬನೇ, ಅವನಿಗೆ ಆಕಾರ ಇಲ್ಲ, ಮನುಷ್ಯರಲ್ಲಿ ಮೇಲು ಕೀಳು ಇಲ್ಲ ಎಂದು ನಾನಕರು ಸಾರಿದರು. ಅವರದು ಅವರದೇ ದಾರಿ.

ಹಾಗಾದರೆ ಈ ಮಾತು ಏಕೆ ಬಂತು? ಐದನೆಯ ಗುರು ಅರ್ಜನರು 1604ರಲ್ಲಿ ಪವಿತ್ರ ಗ್ರಂಥವನ್ನು ಕೂಡಿಸಿದರು. ಅದರಲ್ಲಿ ಗುರುಗಳ ಹಾಡುಗಳ ಜೊತೆ ಬೇರೆ ಸಂತರ ಹಾಡುಗಳನ್ನೂ ಸೇರಿಸಿದರು. ಕಬೀರರು ನೇಕಾರರು. ರವಿದಾಸರು ಚಪ್ಪಲಿ ಹೊಲಿಯುವವರು. ನಾಮದೇವರು ಬಟ್ಟೆ ಹೊಲಿಯುವ ಮನೆಯವರು. ಶೇಖ್ ಫರೀದರು ಮುಸ್ಲಿಂ ಸೂಫಿಗಳು. ಎಲ್ಲರ ಮಾತಿಗೂ ಅಲ್ಲಿ ಜಾಗ ಸಿಕ್ಕಿತು. ನೆರೆಮನೆಯ ಒಳ್ಳೆಯ ಮಾತನ್ನು ನಮ್ಮ ಮನೆಯಲ್ಲಿ ಹೇಳಿದರೆ, ನಮ್ಮ ಮನೆ ಅವರದಾಗುವುದಿಲ್ಲ.

3. "ಅವರು ಗುರುಗಳನ್ನ ದೇವರು ಅಂತ ಪೂಜೆ ಮಾಡ್ತಾರ."

ಇಲ್ಲ. ಗುರುಗಳು ಹತ್ತು ಮಂದಿ. ಅವರು ದಾರಿ ತೋರಿದ ಮನುಷ್ಯರು. ಪೂಜೆ ದೇವರೊಬ್ಬನಿಗೇ.

ಹತ್ತನೆಯ ಗುರು ಗೋಬಿಂದ್ ಸಿಂಗರು 1708ರಲ್ಲಿ ನಾಂದೇಡದಲ್ಲಿ ತೀರಿಕೊಂಡರು. ನಾಂದೇಡ ನಮ್ಮ ಬೀದರ ಜಿಲ್ಲೆಯ ಗಡಿಗೆ ಹೊಂದಿಕೊಂಡ ಜಿಲ್ಲೆ. ತಮ್ಮ ನಂತರ ಮನುಷ್ಯ ಗುರು ಇಲ್ಲ, ಗ್ರಂಥವೇ ಗುರು ಎಂದು ಅವರು ತಿಳಿಸಿದರು. ಅದಕ್ಕೇ ಅದನ್ನು ಗುರು ಗ್ರಂಥ ಸಾಹಿಬ್ ಎನ್ನುತ್ತಾರೆ. ಗುರುದ್ವಾರದಲ್ಲಿ ಮೂರ್ತಿ ಇರುವುದಿಲ್ಲ. ಗ್ರಂಥದ ಮುಂದೆ ತಲೆ ಬಾಗಿಸುವುದು ಅದರಲ್ಲಿನ ಮಾತಿಗೆ ಕೊಡುವ ಗೌರವ.

4. "ಕೂದಲು ಬಿಡೋದು, ಕತ್ತಿ ಇಟ್ಕೊಳ್ಳೋದು ಜಗಳಕ್ಕ."

ಅಲ್ಲ. 1675ರಲ್ಲಿ ಒಂಬತ್ತನೆಯ ಗುರು ತೇಗ್ ಬಹಾದ್ದೂರರನ್ನು ದಿಲ್ಲಿಯಲ್ಲಿ ಕೊಂದರು. ಕಾಶ್ಮೀರದ ಪಂಡಿತರು ತಮ್ಮ ಧರ್ಮ ಉಳಿಸಿಕೊಳ್ಳಲಿ ಎಂದು ಅವರ ಪರವಾಗಿ ನಿಂತು ಗುರುಗಳು ಪ್ರಾಣ ಕೊಟ್ಟರೆಂದು ಸಿಖ್ಖರು ನೆನೆಯುತ್ತಾರೆ. ಬೇರೆ ಧರ್ಮದವರಿಗಾಗಿ ತಲೆ ಕೊಟ್ಟ ಗುರು ಅವರು.

ಅವರ ಮಗ ಗೋಬಿಂದ್ ಸಿಂಗರು 1699ರಲ್ಲಿ ಆನಂದಪುರದಲ್ಲಿ ಖಾಲ್ಸಾ ಕಟ್ಟಿದರು. ಖಾಲ್ಸಾ ಸೇರಿದವರು ಐದು ಗುರುತು ಧರಿಸಬೇಕು. ಕತ್ತರಿಸದ ಕೂದಲು, ಬಾಚಣಿಗೆ, ಕೈಗೆ ಉಕ್ಕಿನ ಕಡಗ, ಚಡ್ಡಿ, ಕಿರ್ಪಾಣ್ ಎಂಬ ಸಣ್ಣ ಕತ್ತಿ. ಕಿರ್ಪಾಣ್ ಇರುವುದು ಬಡವರ, ಬಲ ಇಲ್ಲದವರ ರಕ್ಷಣೆಯ ಗುರುತಾಗಿ.

ಅಂದು ಮೊದಲು ಎದ್ದು ನಿಂತವರು ಐದು ಮಂದಿ. ಬೇರೆ ಬೇರೆ ಊರು, ಬೇರೆ ಬೇರೆ ಜಾತಿ. ಅವರಲ್ಲಿ ಒಬ್ಬರಾದ ಸಾಹಿಬ್ ಸಿಂಗರು ಬೀದರದವರು, ಕ್ಷೌರಿಕರ ಮನೆಯವರು ಎಂದು ಸಿಖ್ಖರ ಪರಂಪರೆ ಹೇಳುತ್ತದೆ.

"ನಮ್ಮ ಬೀದರದವರಾ!" ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

5. "ಹೆಣ್ಣುಮಕ್ಕಳಿಗೆ ಅಲ್ಲಿ ಏನೂ ಇಲ್ಲ."

ಹಾಗಲ್ಲ. ಮೂರನೆಯ ಗುರು ಅಮರದಾಸರು ಸತಿ ಪದ್ಧತಿ ಬೇಡ ಎಂದರು. ಮುಖ ಮುಚ್ಚುವ ಪರದೆಯೂ ಬೇಡ ಎಂದರು. ಗುರು ಗ್ರಂಥವನ್ನು ಹೆಣ್ಣುಮಕ್ಕಳೂ ಓದಬಹುದು. ಗಂಡಸರ ಹೆಸರಿಗೆ ಸಿಂಗ್, ಹೆಂಗಸರ ಹೆಸರಿಗೆ ಕೌರ್ ಸೇರುತ್ತದೆ. ಆದರೆ ಸಿಂಗ್ ಎಂದು ಹೆಸರಿದ್ದವರೆಲ್ಲ ಸಿಖ್ಖರಲ್ಲ. ಬೇರೆಯವರಲ್ಲೂ ಆ ಹೆಸರಿದೆ.

ಇದೆಲ್ಲ ಯಾಕೆ ತಿಳಿಯಬೇಕು?

ಹಿಂದೆ ಕೂತಿದ್ದ ಒಬ್ಬ ಅಣ್ಣ ಕೇಳಿದರು: "ಮಾಸ್ತರ, ನಗಿಚಾಟಿಗಿ ಮಾತಿಗೆ ಇಷ್ಟು ಯಾಕ್ರಿ?"

ಕೇಳ್ರಿ ಅಣ್ಣಾ. ಮೊದಲು ನಗುತ್ತೇವೆ. ಆಮೇಲೆ ಅವರು ಬೇರೆ, ನಾವು ಬೇರೆ ಎನ್ನುತ್ತೇವೆ. ಕಡೆಗೆ ಯಾರೋ ಮಾಡಿದ ತಪ್ಪನ್ನು ಎಲ್ಲರ ತಲೆಗೆ ಕಟ್ಟುತ್ತೇವೆ. 1984ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರನ್ನು ಅವರ ಇಬ್ಬರು ಕಾವಲುಗಾರರು ಕೊಂದರು. ಅವರಿಬ್ಬರೂ ಸಿಖ್ಖರು. ಅದಕ್ಕೆ ದಿಲ್ಲಿಯಲ್ಲಿ ಏನೂ ಅರಿಯದ ಸಾವಿರಾರು ಸಿಖ್ಖರು ಸತ್ತರು. ದೂರದ ಮಾತು ಎನ್ನಬೇಡಿ. 1988ರಲ್ಲಿ ನಮ್ಮ ಬೀದರದಲ್ಲೇ ಓದಲು ಬಂದಿದ್ದ ಸಿಖ್ ಹುಡುಗರ ಮೇಲೆ ಹಲ್ಲೆ ಆಯಿತು. ಕೆಲವರು ಪ್ರಾಣ ಕಳೆದುಕೊಂಡರು. ಅವರೂ ಯಾರದೋ ಮನೆಯ ಮಕ್ಕಳು.

ಕೇಂದ್ರದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಬೀದರದಲ್ಲಿ ನಾನಕ್ ಝೀರಾ ಇದೆ. ಝೀರಾ ಎಂದರೆ ನೀರಿನ ಸೆಲೆ. ಗುರು ನಾನಕರು ಅಲ್ಲಿಗೆ ಬಂದಾಗ ಸಿಹಿನೀರು ಹುಟ್ಟಿತು ಎಂದು ಸಿಖ್ಖರು ನಂಬುತ್ತಾರೆ. ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು. ಚಪ್ಪಲಿ ಬಿಡಬೇಕು, ತಲೆಗೆ ಬಟ್ಟೆ ಹಾಕಬೇಕು. ಅಲ್ಲಿ ಲಂಗರ್ ಊಟ ಇದೆ. ಜಾತಿ ಕೇಳುವುದಿಲ್ಲ, ದುಡ್ಡು ಕೇಳುವುದಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ.

ಪಾಠ ಮುಗಿಯಿತು. ಮೊನ್ನೆ ಬೆಂಚಿನ ಮೇಲೆ ಕೂತು ನಕ್ಕವರಲ್ಲಿ ಒಬ್ಬ ಹುಡುಗ ನಮ್ಮ ಕೇಂದ್ರಕ್ಕೂ ಬರುತ್ತಾನೆ. ಅವನು ಹತ್ತಿರ ಬಂದು, "ಮಾಸ್ತರ, ಅವರಿಗೆ ನಮಸ್ಕಾರ ಹೆಂಗ ಹೇಳ್ಬೇಕ್ರಿ?" ಎಂದ.

"ಸತ್ ಶ್ರೀ ಅಕಾಲ್" ಎಂದೆ.

ಅವನು ಪಾಟಿಯ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಬರೆದ.

ಹೊಸ ಪದಗಳು
ಗುರುದ್ವಾರ – ಸಿಖ್ಖರು ಪ್ರಾರ್ಥನೆ ಮಾಡುವ ಸ್ಥಳ
ಲಂಗರ್ – ಎಲ್ಲರಿಗೂ ಹಾಕುವ ಊಟ
ಪರಂಪರೆ – ಹಿಂದಿನಿಂದ ಬಂದದ್ದು

ಉತ್ತರ ಹೇಳಿರಿ
1. ಸಿಖ್ ಎಂದರೆ ಏನು?
2. ಗುರು ನಾನಕರು ಹೇಳಿದ ಮೂರು ಮಾತು ಯಾವುವು?
3. ನೀವು ಯಾರನ್ನಾದರೂ ನೋಡಿ ತಪ್ಪು ತಿಳಿದಿದ್ದು ಉಂಟೇ? ಆಮೇಲೆ ನಿಜ ಹೇಗೆ ತಿಳಿಯಿತು? ಗುಂಪಿನಲ್ಲಿ ಮಾತಾಡಿರಿ.

ಬರೆಯಿರಿ
ದುಡಿದು ತಿನ್ನೋಣ. ಹಂಚಿ ತಿನ್ನೋಣ.