ಮತ ಹಾಕುವುದು ಬೇರೆ, ಚುನಾವಣೆಗೆ ನಿಲ್ಲುವುದು ಬೇರೆ

ಅಮೆರಿಕದ ಚುನಾವಣೆಯನ್ನು ಹೊಸದಾಗಿ ಗಮನಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಅಷ್ಟು ಹಳೆಯ ಪ್ರಜಾಪ್ರಭುತ್ವದಲ್ಲಿ ಇನ್ನೂ ಒಬ್ಬ ಮಹಿಳೆಯೂ ಅಧ್ಯಕ್ಷೆಯಾಗಿಲ್ಲವಲ್ಲ, ಏಕೆ? ಒಳ್ಳೆಯ ಪ್ರಶ್ನೆಯೇ. ಆದರೆ ಶ್ವೇತಭವನದ ಕಡೆಗೇ ನೋಡುತ್ತಿದ್ದರೆ ಉತ್ತರ ಸಿಗುವುದಿಲ್ಲ. ಮತ ಹಾಕುವ ಹಕ್ಕು, ಚುನಾವಣೆಗೆ ನಿಂತು ಗೆಲ್ಲುವ ಅವಕಾಶ, ಇವೆರಡನ್ನೂ ಬಿಡಿಸಿ ನೋಡಬೇಕು. ಮೊದಲನೆಯದು ಅಲ್ಲಿನ ಹೆಂಗಸರ ಕೈಸೇರಿ ನೂರು ವರ್ಷ ದಾಟಿದೆ. ಎರಡನೆಯದಕ್ಕೆ ಅವರು ಇಂದಿಗೂ ಏಗುತ್ತಿದ್ದಾರೆ.

ಮತದ ಕಥೆಯಿಂದ ಶುರುಮಾಡೋಣ. ನ್ಯೂಜೆರ್ಸಿಯಲ್ಲಿ 1776ರ ಸಂವಿಧಾನದ ಪ್ರಕಾರ ಆಸ್ತಿಯುಳ್ಳ ಹೆಂಗಸರು ಮತ ಹಾಕಬಹುದಿತ್ತು. 1807ರಲ್ಲಿ ಅದನ್ನು ಕಿತ್ತುಕೊಂಡರು. 1848ರಲ್ಲಿ ಸೆನೆಕಾ ಫಾಲ್ಸ್ ಎಂಬ ಊರಿನಲ್ಲಿ ಎಲಿಜಬೆತ್ ಕೇಡಿ ಸ್ಟಾಂಟನ್ ಮತ್ತು ಸಂಗಾತಿಗಳು ಸಭೆ ಸೇರಿ ಮತದ ಹಕ್ಕು ಕೇಳಿದರು. 1869ರಲ್ಲಿ ಪಶ್ಚಿಮದ ವಯೋಮಿಂಗ್ ಪ್ರಾಂತ್ಯ ಆ ಹಕ್ಕನ್ನು ಕೊಟ್ಟಿತು. 1872ರಲ್ಲಿ ರಾಚೆಸ್ಟರ್‌ನಲ್ಲಿ ಮತ ಹಾಕಿದ ಹೋರಾಟಗಾರ್ತಿ ಸೂಸನ್ ಆಂಟನಿಯವರನ್ನು ಬಂಧಿಸಿ 100 ಡಾಲರ್ ದಂಡ ವಿಧಿಸಿದರು. ಆಕೆ ಅದನ್ನು ಕೊನೆಗೂ ಕಟ್ಟಲಿಲ್ಲ.

ಇಡೀ ದೇಶದ ಮಹಿಳೆಯರಿಗೆ ಮತದ ಹಕ್ಕು ಕೊಡುವ ಸಂವಿಧಾನದ 19ನೇ ತಿದ್ದುಪಡಿಗೆ ಆಗಿನ 48 ರಾಜ್ಯಗಳಲ್ಲಿ 36 ಒಪ್ಪಬೇಕಿತ್ತು. 35 ಒಪ್ಪಿದ್ದವು. 1920ರ ಆಗಸ್ಟ್‌ನಲ್ಲಿ ಟೆನೆಸ್ಸಿ ಶಾಸನಸಭೆಯ ಮುಂದೆ ವಿಷಯ ಬಂದಾಗ ಬೆಂಬಲಿಗರು ಹಳದಿ ಗುಲಾಬಿ, ವಿರೋಧಿಗಳು ಕೆಂಪು ಗುಲಾಬಿ ಸಿಕ್ಕಿಸಿಕೊಂಡಿದ್ದರು. 24 ವರ್ಷದ ಸದಸ್ಯ ಹ್ಯಾರಿ ಬರ್ನ್ ಕೆಂಪು ಗುಲಾಬಿಯವರು. ಆದರೆ ಅವರ ಜೇಬಿನಲ್ಲಿ ತಾಯಿ ಫೆಬ್ ಬರ್ನ್ ಬರೆದ ಪತ್ರವಿತ್ತು. ಹಕ್ಕಿನ ಪರವಾಗಿ ಮತ ಹಾಕು ಎಂದು ಅಮ್ಮ ತಿಳಿಹೇಳಿದ್ದರು. ಮಗ ಪರವಾಗಿಯೇ ಹಾಕಿದರು, ತಿದ್ದುಪಡಿ ಗೆದ್ದಿತು.

ಬಹಳಷ್ಟು ಪುಸ್ತಕಗಳು ಕಥೆಯನ್ನು ಇಲ್ಲಿಗೆ ಮುಗಿಸಿಬಿಡುತ್ತವೆ. ಅದು ತಪ್ಪು. ದಕ್ಷಿಣದ ರಾಜ್ಯಗಳ ಕಪ್ಪು ಮಹಿಳೆಯರಿಗೆ 1920ರಲ್ಲಿ ದಕ್ಕಿದ್ದು ಕಾಗದದ ಮೇಲಿನ ಹಕ್ಕು ಮಾತ್ರ. ಸಾಕ್ಷರತಾ ಪರೀಕ್ಷೆ, ಮತ ತೆರಿಗೆ, ಬೆದರಿಕೆ, ಹೊಡೆತಗಳೆಲ್ಲ ಅವರಿಗೆ ಅಡ್ಡ ನಿಂತಿದ್ದವು. ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ದುಡಿಯುತ್ತಿದ್ದ ಫ್ಯಾನಿ ಲೂ ಹೇಮರ್ 1962ರಲ್ಲಿ ಮತಪಟ್ಟಿಗೆ ಹೆಸರು ಸೇರಿಸಲು ಹೋದರು. ಹಿಂತಿರುಗಿದ ದಿನವೇ ತೋಟದ ಮಾಲೀಕ ಅವರನ್ನು ಹೊರಗೆ ಹಾಕಿದ. ಆ ತಡೆಗಳನ್ನು ಮುರಿದದ್ದು 1965ರ ಮತದಾನ ಹಕ್ಕು ಕಾಯ್ದೆ. ನನ್ನನ್ನು ಕೇಳಿದರೆ ಅಮೆರಿಕದ ಮಹಿಳೆಯರ ಮತದ ಇತಿಹಾಸದಲ್ಲಿ 1920ರಷ್ಟೇ ದೊಡ್ಡ ವರ್ಷ 1965.

1980ರಿಂದ ಈಚೆಗೆ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ಮತದಾನದ ಪ್ರಮಾಣದಲ್ಲಿ ಹೆಂಗಸರೇ ಗಂಡಸರಿಗಿಂತ ಮುಂದೆ. ಹಾಗೆಂದು ಅವರೆಲ್ಲ ಒಂದೇ ಕಡೆ ವಾಲುತ್ತಾರೆಂದು ಭಾವಿಸಬೇಡಿ. ಒಟ್ಟಾರೆ ಡೆಮಾಕ್ರಟರ ಕಡೆ ಒಲವು ಹೆಚ್ಚು ಎನ್ನುವುದು ನಿಜ, ಆದರೆ ಜನಾಂಗ, ಧರ್ಮ, ಓದು, ಊರು ಎಲ್ಲವೂ ಮತವನ್ನು ಎಳೆದಾಡುತ್ತವೆ.

ಹಾಗಾದರೆ ಇಷ್ಟು ಮತದಾರರಿದ್ದೂ ಸೀಟುಗಳೇಕೆ ಕಡಿಮೆ? ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ನಮ್ಮ ವ್ಯವಸ್ಥೆಗೂ ಅವರದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯದೆ ಇದು ಹಿಡಿತಕ್ಕೆ ಸಿಗುವುದಿಲ್ಲ. ನಮ್ಮ ಪಂಚಾಯಿತಿಗಳಲ್ಲಿರುವಂಥ ಮಹಿಳಾ ಮೀಸಲಾತಿ ಅಲ್ಲಿ ಯಾವ ಹಂತದಲ್ಲೂ ಇಲ್ಲ. ಟಿಕೆಟ್ ಹಂಚುವ ಹೈಕಮಾಂಡ್ ಇಲ್ಲ, ಬಿ ಫಾರಂ ಇಲ್ಲ. ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಪ್ರೈಮರಿ ಎಂಬ ಒಳಚುನಾವಣೆಯಲ್ಲಿ ತೀರ್ಮಾನಿಸುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಆ ಪ್ರೈಮರಿಗೆ ತಾನೇ ಮುಂದೆ ಬಂದು ನಿಲ್ಲಬೇಕು, ತಾನೇ ದೇಣಿಗೆ ಎತ್ತಬೇಕು, ತಿಂಗಳುಗಟ್ಟಲೆ ಸಂಬಳ ಬಿಟ್ಟು ಓಡಾಡಬೇಕು. ಇದರ ಮೇಲೆ ಹಾಲಿ ಸದಸ್ಯರ ಭದ್ರಕೋಟೆ: ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆ ಪ್ರತಿನಿಧಿ ಸಭೆಗೆ ಮತ್ತೆ ಸ್ಪರ್ಧಿಸಿದ ಸದಸ್ಯರಲ್ಲಿ ಬಹುತೇಕ ಸಲ ನೂರಕ್ಕೆ 90ಕ್ಕಿಂತ ಹೆಚ್ಚು ಜನ ಗೆದ್ದೇ ಬರುತ್ತಾರೆ. ಹಾಲಿ ಸದಸ್ಯರಲ್ಲಿ ಗಂಡಸರೇ ಹೆಚ್ಚಿರುವಾಗ ಹೊಸ ಹೆಣ್ಣಿಗೆ ಜಾಗ ಸಿಗುವುದು ಹೆಚ್ಚಾಗಿ ಯಾರಾದರೂ ನಿವೃತ್ತರಾದ, ಸತ್ತ ಅಥವಾ ಹೊಸದಾಗಿ ಎಲ್ಲೆ ಗುರುತಿಸಿದ ಕ್ಷೇತ್ರದಲ್ಲಿ.

1992 ಇದನ್ನು ಚೆನ್ನಾಗಿ ತೋರಿಸುತ್ತದೆ. ಅದಕ್ಕೂ ಹಿಂದಿನ ವರ್ಷ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಹುದ್ದೆಗೆ ನಾಮನಿರ್ದೇಶನಗೊಂಡಿದ್ದ ಕ್ಲಾರೆನ್ಸ್ ಥಾಮಸ್ ವಿರುದ್ಧ, ಹಿಂದೆ ಅವರ ಕೈಕೆಳಗೆ ಕೆಲಸ ಮಾಡಿದ್ದ ಅನಿತಾ ಹಿಲ್ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ಥಾಮಸ್ ಅದನ್ನು ನಿರಾಕರಿಸಿದರು. ಹಿಲ್ ಅವರನ್ನು ಪ್ರಶ್ನಿಸಿದ, ಮೇಲ್ಮನೆಯಾದ ಸೆನೆಟ್‌ನ ಸಮಿತಿಯ 14 ಸದಸ್ಯರೂ ಗಂಡಸರೇ. ಟಿವಿಯಲ್ಲಿ ಅದನ್ನು ಕಂಡು ಕುದಿದ ಮಹಿಳೆಯರಲ್ಲಿ ವಾಷಿಂಗ್ಟನ್ ರಾಜ್ಯದ ಪ್ಯಾಟಿ ಮರ್ರೆ ಒಬ್ಬರು. ಸೆನೆಟ್‌ಗೆ ನಿಂತು ಗೆದ್ದೇಬಿಟ್ಟರು. ಆ ವರ್ಷ ನಾಲ್ವರು ಹೊಸ ಮಹಿಳೆಯರು ಸೆನೆಟ್‌ಗೂ 24 ಮಂದಿ ಪ್ರತಿನಿಧಿ ಸಭೆಗೂ ಆರಿಸಿಬಂದರು. ಎಲ್ಲರೂ ಆ ಕೋಪವನ್ನೇ ನೆನೆಯುತ್ತಾರೆ. ನಾನು ಇನ್ನೊಂದು ಕಾರಣವನ್ನೂ ಸೇರಿಸುತ್ತೇನೆ: 1990ರ ಜನಗಣತಿಯ ನಂತರ ಕ್ಷೇತ್ರಗಳ ಎಲ್ಲೆ ಬದಲಾಗಿತ್ತು, ಸದಸ್ಯರು ಪ್ರತಿನಿಧಿ ಸಭೆಯದೇ ಬ್ಯಾಂಕಿನಲ್ಲಿ ಖಾತೆಯಲ್ಲಿದ್ದುದಕ್ಕಿಂತ ಹೆಚ್ಚು ಹಣ ತೆಗೆದ ಹಗರಣದ ಬಿಸಿಗೆ ಹಲವು ಹಾಲಿ ಸದಸ್ಯರು ಹಿಂದೆ ಸರಿದಿದ್ದರು. ಕೋಪವೂ ಇತ್ತು, ಖಾಲಿ ಕ್ಷೇತ್ರಗಳೂ ಇದ್ದವು. ಎರಡೂ ಕೂಡಿಬಂದಿದ್ದರಿಂದಲೇ ಅಷ್ಟು ಮಂದಿ ಒಳಗೆ ಹೋದರು.

ಒಳಗೆ ಹೋದ ಮೇಲೂ ಮನೆ ಅವರಿಗಾಗಿ ಕಟ್ಟಿದ್ದಲ್ಲ ಎನ್ನುವುದು ಗೊತ್ತಾಗುತ್ತಿತ್ತು. ಪ್ರತಿನಿಧಿ ಸಭಾಂಗಣದ ಪಕ್ಕದಲ್ಲೇ ಸದಸ್ಯೆಯರಿಗೆ ಶೌಚಾಲಯ ಸಿಕ್ಕಿದ್ದು 2011ರಲ್ಲಿ. ಚುನಾವಣಾ ನಿಧಿಯಿಂದ ಮಗುವನ್ನು ನೋಡಿಕೊಳ್ಳುವವರಿಗೆ ಹಣ ಕೊಡಬಹುದೇ ಎಂದು ನ್ಯೂಯಾರ್ಕ್‌ನ ಅಭ್ಯರ್ಥಿಯೊಬ್ಬರು ಕೇಳಿ, ಕೊಡಬಹುದು ಎಂದು ಕೇಂದ್ರ ಚುನಾವಣಾ ಆಯೋಗ ಒಪ್ಪಿದ್ದು 2018ರಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಸೆನೆಟರ್ ಟ್ಯಾಮಿ ಡಕ್‌ವರ್ತ್ ಹತ್ತು ದಿನದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಗಾಲಿಕುರ್ಚಿಯಲ್ಲಿ ಸಭಾಂಗಣಕ್ಕೆ ಬಂದು ಮತ ಹಾಕಿದರು. ಎಳೆಮಗುವನ್ನು ಒಳಗೆ ಬಿಡಲು ಸೆನೆಟ್ ಅದರ ಹಿಂದಿನ ದಿನವಷ್ಟೇ ನಿಯಮ ಬದಲಿಸಿತ್ತು.

ಇವತ್ತಿನ ಸ್ಥಿತಿ ಇಷ್ಟು: ಕಾಂಗ್ರೆಸ್ಸಿನ ಎರಡೂ ಸದನಗಳ 535 ಸ್ಥಾನಗಳಲ್ಲಿ ಸುಮಾರು 150ರಲ್ಲಿ ಮಹಿಳೆಯರಿದ್ದಾರೆ. 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ಹಿಲರಿ ಕ್ಲಿಂಟನ್ ಎದುರಾಳಿಗಿಂತ ಸುಮಾರು 29 ಲಕ್ಷ ಮತ ಹೆಚ್ಚು ಪಡೆದೂ, ರಾಜ್ಯವಾರು ಆಯ್ಕೆದಾರರ ಮತ ಎಣಿಸುವ ಎಲೆಕ್ಟೋರಲ್ ಕಾಲೇಜಿನ ಲೆಕ್ಕದಲ್ಲಿ ಸೋತರು. ಚೆನ್ನೈ ಮೂಲದ ತಾಯಿಯ ಮಗಳು ಕಮಲಾ ಹ್ಯಾರಿಸ್ 2021ರಲ್ಲಿ ಉಪಾಧ್ಯಕ್ಷೆಯಾದರು, 2024ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತರು. ಚೆನ್ನೈಯಲ್ಲೇ ಹುಟ್ಟಿದ ಪ್ರಮೀಳಾ ಜಯಪಾಲ್ 2017ರಿಂದ ಪ್ರತಿನಿಧಿ ಸಭೆಯಲ್ಲಿದ್ದಾರೆ.

ಅಲ್ಲಿ ಪೌರತ್ವ ಪಡೆದಿರುವ ಕನ್ನಡದ ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಪ್ಯಾಟಿ ಮರ್ರೆ ಮೊದಲು ಗೆದ್ದದ್ದು ಸೆನೆಟ್ ಸೀಟನ್ನಲ್ಲ. ಅದಕ್ಕೂ ಮುಂಚೆ ಅವರು ತಮ್ಮೂರಿನ ಶಾಲಾ ಮಂಡಳಿಯಲ್ಲಿದ್ದರು. ನಿಮ್ಮೂರಿನ ಶಾಲಾ ಮಂಡಳಿಗೆ ಮುಂದಿನ ಚುನಾವಣೆ ಯಾವಾಗ, ಹೆಸರು ಕೊಡಲು ಕಡೆಯ ದಿನ ಯಾವುದು ಎಂದು ಈ ವಾರವೇ ವಿಚಾರಿಸಿ.